ದಿಬ್ಬ ಹತ್ತಬೇಕಾದ ಸೈಕಲ್ಲು

ಬೆಳಗ್ಗೆ ಆರಕ್ಕೆ ಮನೆ ಬಿಟ್ಟು, ಎಂಟು ಮನೆಯವರ ರಕ್ತ ತೆಗೆದುಕೊಂಡು ಒಂಬತ್ತರೊಳಗೆ ಲ್ಯಾಬಿಗೆ ಮುಟ್ಟಿಸುವುದು ಅವಳ ಕೆಲಸ. ಆ ಬೀದಿಗಳಲ್ಲಿ ಅವಳ ನಿಜವಾದ ಹೆಸರು ಯಾರಿಗೂ ಬೇಕಿರಲಿಲ್ಲ. ಎಲ್ಲರ ಬಾಯಲ್ಲೂ ಅವಳು ಸೂಜಿಯಕ್ಕ. ರಕ್ತ ಕೊಡುವವರೆಲ್ಲ ರಾತ್ರಿಯಿಂದ ಖಾಲಿ ಹೊಟ್ಟೆಯಲ್ಲಿ ಇರುವವರು. ಹಸಿದವರ ಬಾಗಿಲಿಗೆ ಹತ್ತು ನಿಮಿಷ ತಡವಾಗಿ ಹೋದರೆ ಏನೇನು ಅನ್ನಿಸಿಕೊಳ್ಳಬೇಕು ಎಂಬುದು ಏಳು ವರ್ಷದಿಂದ ಅವಳಿಗೆ ಬಾಯಿಪಾಠವಾಗಿತ್ತು. ಆ ಏಳು ವರ್ಷವೂ ಅವಳನ್ನು ಹೊತ್ತದ್ದು ಒಂದೇ ಸೈಕಲ್ಲು.

ಲ್ಯಾಬಿನ ಮೇಡಂ ಒಂದು ದಿನ ಕರೆದು ಹೇಳಿದರು: "ದಿಬ್ಬದ ಮೇಲಿನ ಐದು ಮನೆ ನಿನಗೆ ಸೇರಿಸ್ತಿದೀನಿ. ಒಂದು ತಿಂಗಳು ನೋಡ್ತೀನಿ. ಸೈಕಲ್ಲಲ್ಲಿ ಆಗಲ್ಲ ಅಂದ್ರೆ ಹೇಳಿಬಿಡು, ಸ್ಕೂಟರ್ ಇರೋ ಒಬ್ಬಳು ಬಂದು ಕೆಲಸ ಕೇಳ್ಕೊಂಡು ಹೋಗಿದಾಳೆ. ಆಗ ಇಡೀ ರೂಟೇ ಅವಳಿಗೆ ಹೋಗುತ್ತೆ."

ಸೂಜಿಯಕ್ಕ ಇದನ್ನು ಊಟದ ಹೊತ್ತಿನಲ್ಲಿ ಮನೆಯವರ ಮುಂದೆ ಹೇಳಿದ್ದೇ ತಪ್ಪಾಯಿತು.

"ಸೈಕಲ್ಲಿಗೆ ಮೋಟಾರು ಕೂರಿಸಿದ್ರಾಯ್ತು," ಎಂದರು ಮಾವ, ಅನ್ನ ಕಲಸುತ್ತ. "ಮೋಟಾರು ಅಂದ್ರೆ ನನಗೆ ಗೊತ್ತಿಲ್ಲದ್ದಾ?"

"ಅಮ್ಮಾ, ಈಗಿನ ಮೋಟಾರಿಗೂ ನೀರೆತ್ತೋ ಪಂಪಿಗೂ ಅಜಗಜಾಂತರ ಅಂತ ಅಪ್ಪನಿಗೆ ಹೇಳಮ್ಮ," ಎಂದ ಗಂಡ.

"ನಿನ್ನ ಮಗನಿಗೆ ಹೇಳು, ತಂತಿ ಸುತ್ತಿದ್ದು ನನ್ನ ಕೈ. ಇವನು ಹುಟ್ಟೋಕೆ ಮುಂಚಿನಿಂದ," ಎಂದರು ಮಾವ ಅತ್ತೆಗೆ.

"ನಾನೇನು ಟೆಲಿಫೋನ್ ಕಂಬಾನಾ?" ಎಂದು ಅತ್ತೆ ಬೇಳೆಯ ಪಾತ್ರೆಯನ್ನು ಇಬ್ಬರ ನಡುವೆ ಟಪ್ಪೆಂದು ಇಟ್ಟರು. "ಮೊಳಕೈಗೆ ಮೊಳಕೈ ತಾಗೋ ಹಾಗೆ ಕೂತಿದೀರಿ. ಹಾಕ್ಕೊಂಡು ಉಣ್ಣಿ."

ಆ ಮನೆಯ ವರಸೆಯೇ ಹಾಗಾಗಿತ್ತು. ಮಾವ ನಲವತ್ತು ವರ್ಷ ಮೋಟಾರ್ ವೈಂಡಿಂಗ್ ಮಾಡಿದವರು. ಸುಟ್ಟು ಕರಕಲಾದ ಪಂಪುಗಳ ಹಳೇ ತಂತಿ ಕಿತ್ತು, ಹೊಸ ತಂತಿ ಸುತ್ತಿ, ಮತ್ತೆ ತಿರುಗಿಸಿ ಕಳಿಸಿದ ಕೈ. ಎಂಟು ತಿಂಗಳ ಹಿಂದೆ ಇವರದೇ ಮನೆಯ ಪಂಪು ಸುಟ್ಟಿತು. ಮಾವ ಇವತ್ತು ಬಿಚ್ಚುತ್ತೇನೆ, ನಾಳೆ ಬಿಚ್ಚುತ್ತೇನೆ ಎನ್ನುತ್ತಿರುವಾಗಲೇ ಮಗ ಹೊರಗಿನವರನ್ನು ಕರೆಸಿ ಹೊಸ ಪಂಪು ಹಾಕಿಸಿಬಿಟ್ಟ. ಹಳೆಯದನ್ನು ಗುಜರಿಯವನು ಹೊತ್ತುಕೊಂಡು ಹೋಗುವುದನ್ನು ಮಾವ ಕಿಟಕಿಯಿಂದ ನೋಡಿದರು. ಅಂದಿನಿಂದ ಅಪ್ಪ ಮಗನ ನಡುವೆ ನೇರ ಮಾತಿಲ್ಲ. ಮಗ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಮಷೀನು ನಡೆಸುವವನು, ಅವನಿಗೂ ತಾನೇನು ಕಮ್ಮಿ ಎಂಬ ಬಿಂಕ. ಇಬ್ಬರ ಮಾತೂ ಅತ್ತೆಯ ಮೂಲಕ ಹೋಗಬೇಕು. ಅತ್ತೆಗೆ ರೇಗಿದ ದಿನ ಸೂಜಿಯಕ್ಕನ ಮೂಲಕ.

ಸೋಮವಾರ ಸಂಜೆ ಮಾವ ಆಟೋದಲ್ಲಿ ಒಂದು ಗೋಣಿಚೀಲ ತಂದು ಇಳಿಸಿದರು. ಒಳಗೆ ಒಂದು ಚಕ್ರ, ಚಕ್ರದ ನಡುವೆ ಊಟದ ತಟ್ಟೆಯಷ್ಟು ಅಗಲದ ಮೋಟಾರು. ಎತ್ತಲು ಹೋದ ಸೂಜಿಯಕ್ಕನ ಸೊಂಟ ಚುಳ್ ಎಂದಿತು.

"ನಲವತ್ತೆಂಟು ವೋಲ್ಟಿಂದು. ಏಳುನೂರೈವತ್ತು ವ್ಯಾಟು!" ಎಂದರು ಮಾವ. "ದಿಬ್ಬ ಏನಮ್ಮ, ಗೋಡೆ ಹತ್ತುತ್ತೆ ಇದು."

ಬುಧವಾರ ಗಂಡ ಪ್ರೆಸ್ಸಿನಿಂದ ಬರುವಾಗ ಕಂಕುಳಲ್ಲಿ ಒಂದು ಉದ್ದನೆಯ ಕಪ್ಪು ಡಬ್ಬಿ ಇಟ್ಟುಕೊಂಡು ಬಂದ. ಜೊತೆಯವನೊಬ್ಬ ತನ್ನ ಸೈಕಲ್ಲಿನಿಂದ ತೆಗೆದ ಬ್ಯಾಟರಿ. ಹೆಚ್ಚು ಬಳಸಿದ್ದಲ್ಲ, ಫ್ರೇಮಿನ ಮೇಲೆ ಅಳತೆ ತೆಗೆದು ಮಾಡಿದ ಹಾಗೆ ಕೂರುತ್ತದೆ.

"ಎಷ್ಟು ವೋಲ್ಟು ಅಂತ ಕೇಳಮ್ಮ," ಎಂದರು ಮಾವ ಸೊಸೆಗೆ.

"ಮೂವತ್ತಾರು ಅಂತ ಹೇಳು," ಎಂದ ಗಂಡ, ಕೇಳುವ ಮೊದಲೇ.

"ನನ್ನದು ನಲವತ್ತೆಂಟು ಅಂತ ಸೋಮವಾರದಿಂದ ಬಾಯಿ ಬಡ್ಕೋತಿದೀನಲ್ಲ!"

"ನನಗೆ ಯಾರೂ ಹೇಳ್ಲಿಲ್ಲ."

ಅದೂ ನಿಜವೇ. ಸೋಮವಾರ ಅತ್ತೆಗೆ ತಲೆನೋವು, ಸೂಜಿಯಕ್ಕ ಬಟ್ಟೆ ಒಗೆಯುತ್ತಿದ್ದಳು. ಸುದ್ದಿ ಸಾಗಿಸಲು ಆಳಿರಲಿಲ್ಲ.

"ಎತ್ತು ಏರಿಗೆಳೀತು, ಕೋಣ ನೀರಿಗೆಳೀತು," ಎಂದು ಅತ್ತೆ ಆಲೂಗಡ್ಡೆ ಹೆಚ್ಚುತ್ತ ಗೊಣಗಿದರು.

ಉಳಿದದ್ದು ಕಂಟ್ರೋಲರ್. ಬ್ಯಾಟರಿಯಿಂದ ಮೋಟಾರಿಗೆ ಎಷ್ಟು ಕರೆಂಟು ಬಿಡಬೇಕೆಂದು ನೋಡಿಕೊಳ್ಳುವ ಸೋಪಿನ ಡಬ್ಬಿಯಷ್ಟು ಪೆಟ್ಟಿಗೆ. ಅದೊಂದು ಚಿಲ್ಲರೆ ಸಾಮಾನು, ನೀನೇ ತಂದುಬಿಡು ಎಂದರು ಇಬ್ಬರೂ. ಆ ಒಂದು ವಿಷಯದಲ್ಲಿ ಮಾತ್ರ ಅಪ್ಪ ಮಗನಿಗೆ ಒಮ್ಮತವಿತ್ತು. ಸೂಜಿಯಕ್ಕ ಲ್ಯಾಬಿನಿಂದ ಬರುವಾಗ ಬಿಡಿಭಾಗದ ಅಂಗಡಿಗೆ ಹೋದಳು. ಮೋಟಾರು ಎಷ್ಟರದು ಎಂದು ಅವರು ಕೇಳಿದರು. ನಲವತ್ತೆಂಟು ಎಂದಳು. ನಲವತ್ತೆಂಟರ ಕಂಟ್ರೋಲರ್ ಕೊಟ್ಟರು. ಬ್ಯಾಟರಿ ಎಷ್ಟರದು ಎಂದು ಅವರು ಕೇಳಲಿಲ್ಲ, ಇವಳಿಗೂ ಹೇಳಬೇಕೆಂದು ಹೊಳೆಯಲಿಲ್ಲ.

ಭಾನುವಾರ ಬೆಳಗ್ಗೆ ಬೀದಿಯವರೆಲ್ಲ ನೋಡುವಂತೆ ಸೈಕಲ್ಲು ಹೊರಗೆ ಬಂತು. ರಾತ್ರಿಯೆಲ್ಲ ಚಾರ್ಜು ಕುಡಿದ ಬ್ಯಾಟರಿ. ಸೂಜಿಯಕ್ಕ ಹ್ಯಾಂಡಲ್ಲಿನ ಆಕ್ಸಿಲರೇಟರ್ ತಿರುಗಿಸಿದಳು. ಸೈಕಲ್ಲು ಜುಮ್ಮೆಂದು ಮುಂದೆ ಹಾರಿತು. ಎದುರುಮನೆಯವರು ಚಪ್ಪಾಳೆ ತಟ್ಟಿದರು. ಇಸ್ತ್ರಿ ಅಂಗಡಿ ಮುಟ್ಟುವಷ್ಟರಲ್ಲಿ ಉಸಿರು ಹೋಯಿತು. ಹಿಂದಕ್ಕೆ ತಳ್ಳಿಕೊಂಡು ಬಂದಳು. ಹತ್ತು ನಿಮಿಷ ಬಿಟ್ಟು ಮತ್ತೆ ಹತ್ತಿದಳು, ಈ ಸಲ ಇಸ್ತ್ರಿ ಅಂಗಡಿಯೂ ಬರಲಿಲ್ಲ.

"ಬ್ಯಾಟರಿ ಸತ್ತಿದೆ ಅಂತ ನಿನ್ನ ಗಂಡನಿಗೆ ಹೇಳು."

"ಮೋಟಾರು ಗುಜರಿ ಅಂತ ನಿಮ್ಮ ಮಾವನಿಗೆ ಹೇಳು."

ಇಬ್ಬರೂ ಅವಳ ಎಡಬಲಕ್ಕೆ ಎರಡು ಮೊಳ ದೂರದಲ್ಲಿ ನಿಂತಿದ್ದರು. ಅವಳು ಸೈಕಲ್ಲನ್ನು ಗೋಡೆಗೆ ಒರಗಿಸಿ ಒಳಗೆ ಹೋಗಿ ಪಾತ್ರೆ ತೊಳೆದಳು. ಒಂದು ಕಪ್ಪಿನ ಹಿಡಿ ಮುರಿಯಿತು.

ಬ್ಯಾಟರಿಯೂ ಸತ್ತಿರಲಿಲ್ಲ, ಮೋಟಾರೂ ಗುಜರಿಯಲ್ಲ. ಗಂಡ ವಿಚಾರಿಸಿಕೊಂಡು ಬಂದ. ನಲವತ್ತೆಂಟರ ಕಂಟ್ರೋಲರಿನ ಕಣ್ಣಿಗೆ ಮೂವತ್ತಾರರ ಬ್ಯಾಟರಿ ಯಾವಾಗಲೂ ಬರಿದಾದ ಬ್ಯಾಟರಿಯೇ. ತುಂಬಿ ತುಳುಕುವಾಗ ಒಂದು ಗಳಿಗೆ ನಂಬುತ್ತದೆ, ಆಮೇಲೆ ಖಾಲಿ ಎಂದು ಲೆಕ್ಕ ಹಾಕಿ ಬಾಗಿಲು ಹಾಕಿಕೊಳ್ಳುತ್ತದೆ. ಎರಡಕ್ಕೂ ಹೊಂದುವ ಕಂಟ್ರೋಲರ್ ಸಿಗುತ್ತದಂತೆ. ಹೋಗಿ ಬದಲಾಯಿಸಿ ತಂದ. ಅದರ ಮೇಲೆ ಇಪ್ಪತ್ತೈದು ಆಂಪಿಯರ್ ಎಂದು ಬರೆದಿತ್ತು. ಹೆಚ್ಚಿದ್ದಷ್ಟೂ ಒಳ್ಳೆಯದು ಎಂದುಕೊಂಡ.

ಈ ಸಲ ಸೈಕಲ್ಲು ಓಡಿತು. ಮೋಟಾರು ಮಾವ ಹೇಳಿದ ವೇಗದಲ್ಲಿ ತಿರುಗಲಿಲ್ಲ, ಆದರೂ ಸಮ ರಸ್ತೆಯಲ್ಲಿ ತುಳಿಯದೆ ಹೋಗಬಹುದಿತ್ತು. ಎರಡು ದಿನ ಮನೆಯಲ್ಲಿ ಶಾಂತಿ. ಅತ್ತೆ ಹಾಲು ತರಲು ಹೋದಾಗಲೆಲ್ಲ "ನಮ್ಮ ಸೊಸೆ ಈಗ ಕರೆಂಟಲ್ಲಿ ಹೋಗ್ತಾಳೆ" ಎಂದು ನಾಲ್ಕು ಜನಕ್ಕೆ ಹೇಳಿ ಬಂದರು.

ದಿಬ್ಬದ ಮೇಲಿನ ಮನೆಗಳು ಶುರುವಾದದ್ದು ಗುರುವಾರ. ಎಂಟು ಮನೆ ಮುಗಿಸಿ, ರಕ್ತದ ಕೊಳವೆಗಳಿದ್ದ ತಂಪುಪೆಟ್ಟಿಗೆಯನ್ನು ಹಿಂದೆ ಕಟ್ಟಿಕೊಂಡು, ಸೂಜಿಯಕ್ಕ ದಿಬ್ಬದ ಬುಡಕ್ಕೆ ಬಂದಳು. ಆಕ್ಸಿಲರೇಟರ್ ತಿರುಗಿಸಿದಳು. ಸೈಕಲ್ಲು ಗುರ್ ಎಂದು ಏರತೊಡಗಿತು. ಎರಡು ವಿದ್ಯುತ್ ಕಂಬ ದಾಟಿತು. ಮೂರನೆಯ ಕಂಬದ ಹತ್ತಿರ ದೀಪ, ಮೋಟಾರು ಎಲ್ಲ ಒಟ್ಟಿಗೆ ನಿಂತುಹೋದವು. ಬ್ಯಾಟರಿಯ ಗುಂಡಿ ಒತ್ತಿದಳು, ಏನೂ ಇಲ್ಲ. ತುಳಿಯಲು ಹೋದರೆ ನಿಂತ ಮೋಟಾರಿನ ಚಕ್ರ ಕಾಲಿಗೆ ಕಲ್ಲು ಕಟ್ಟಿದ ಹಾಗೆ. ಅವಳ ಹಳೆಯ ಸೈಕಲ್ಲೇ ಆಗಿದ್ದರೆ ಇಳಿದು ಎಳೆದುಕೊಂಡು ಓಡಬಹುದಿತ್ತು. ಈ ಭಾರವನ್ನು ತಳ್ಳಬೇಕು, ನಾಲ್ಕು ಹೆಜ್ಜೆಗೆ ಒಮ್ಮೆ ನಿಲ್ಲಬೇಕು.

ಮೊದಲನೆಯ ಮನೆ ಒಬ್ಬ ಅಜ್ಜಿಯದು, ಒಂಟಿ ಜೀವ, ಸಕ್ಕರೆ ಕಾಯಿಲೆ. ಅಲ್ಲಿ ಮುಟ್ಟುವಾಗ ಎಂಟೂ ಮುಕ್ಕಾಲು.

"ಎಂಟಕ್ಕೆ ಬರ್ತೀನಿ ಅಂದೋಳು ನೀನೇನಾ?" ಎಂದರು ಅಜ್ಜಿ. ಕೈ ನಡುಗುತ್ತಿತ್ತು. "ಹಸಿದು ಹಸಿದು ಕಣ್ಣು ಕತ್ತಲೆ ಬರ್ತಿದೆ ನನಗೆ."

"ತಪ್ಪಾಯ್ತು ಅಜ್ಜಿ. ಸೈಕಲ್ಲು ಕೈಕೊಡ್ತು."

"ನಡಕೊಂಡು ಬಂದಿದ್ರೂ ಇಷ್ಟೊತ್ತು ಆಗ್ತಿರಲಿಲ್ಲ."

ಅದೇ ಮಾತು ಸೂಜಿಯಕ್ಕನಿಗೂ ದಾರಿಯುದ್ದಕ್ಕೂ ಅನ್ನಿಸಿತ್ತು. ಐದು ಮನೆ ಮುಗಿಸಿ ಲ್ಯಾಬಿಗೆ ಹೋಗುವಾಗ ಹತ್ತೂಕಾಲು. ಬೆಳಗ್ಗೆ ಮೊದಲು ತೆಗೆದಿದ್ದ ಮೂರು ಕೊಳವೆಗಳು ತಡವಾಗಿ ಕೆಲಸಕ್ಕೆ ಬಾರದಾದವು. ದಿಬ್ಬದ ಅಜ್ಜಿಯದು, ತಳ್ಳಾಟದಲ್ಲಿ ಮುಚ್ಚಳ ಸಡಿಲಾಗಿ ಚೆಲ್ಲಿಹೋಗಿತ್ತು. ಮರುದಿನ ನಾಲ್ಕೂ ಜನರಿಗೆ ಮತ್ತೆ ಚುಚ್ಚಬೇಕು.

"ಇದೇನು ಆಟಾನಾ?" ಎಂದರು ಮೇಡಂ. "ಮುಂದಿನ ಸೋಮವಾರದಿಂದ ಒಂದು ದಿನ ತಡ ಆದ್ರೂ ನಾನು ಆ ಸ್ಕೂಟರಿನವಳನ್ನ ಕರೀತೀನಿ. ಆಮೇಲೆ ಬೇಜಾರು ಮಾಡ್ಕೋಬೇಡ."

ಅಂದು ರಾತ್ರಿ ಊಟಕ್ಕೆ ಕೂತಾಗ ಮಾವ ಶುರುಮಾಡಿದರು. "ನಾನು ಮೊದಲೇ ಅಂದಿದ್ದೆ. ಆ ಬ್ಯಾಟರೀಲಿ ದಮ್ಮಿಲ್ಲ ಅಂತ ನಿನ್ನ ಗಂಡನಿಗೆ..."

"ಅಷ್ಟು ದೊಡ್ಡ ರಾಕ್ಷಸನ್ನ ತಂದು ಕೂರಿಸಿದ್ರೆ ಯಾವ ಬ್ಯಾಟರಿ ತಾನೆ..."

"ನಾನು ಹೇಳಲ್ಲ," ಎಂದಳು ಸೂಜಿಯಕ್ಕ.

"ಏನು?"

"ಇವರ ಮಾತು ಅವರಿಗೆ, ಅವರ ಮಾತು ಇವರಿಗೆ ಹೇಳಲ್ಲ. ಇವತ್ತು ಆ ಮುದುಕಿ ನನ್ನ ಮುಂದೆ ನಡುಗ್ತಾ ಕೂತಿದ್ರು. ನಾಳೆ ಹೋಗಿ ಮತ್ತೆ ಚುಚ್ಚಬೇಕು. ನೀವಿಬ್ಬರೂ ಬನ್ನಿ ನನ್ನ ಜೊತೆ, ಮೋಟಾರು ದೊಡ್ಡದಾ, ಬ್ಯಾಟರಿ ಒಳ್ಳೇದಾ ಅಂತ ಆ ಅಜ್ಜಿ ಮುಂದೇನೇ ಜಗಳ ಆಡಿ." ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದಳು. ಕಟ್ಟೆಯ ಹತ್ತಿರ ನಿಂತೇ ಉಂಡಳು. ಅತ್ತೆ ಹಿಂದೆಯೇ ಬಂದು ಅವಳ ತಟ್ಟೆಗೆ ಇನ್ನೊಂದು ಸೌಟು ಬೇಳೆ ಬಡಿಸಿದರು.

ಮರುದಿನ ಅವಳು ಹಳೆಯ ಚಕ್ರ ಹಾಕಿಸಿಕೊಂಡು, ಐದಕ್ಕೇ ಮನೆ ಬಿಟ್ಟು, ದಿಬ್ಬವನ್ನು ಏದುಸಿರು ಬಿಡುತ್ತ ಹತ್ತಿ ಇಳಿದಳು. ದಿಬ್ಬದ ಅಜ್ಜಿ ಮಾತ್ರ ಎರಡು ದಿನ ಸುಧಾರಿಸಿಕೊಳ್ಳುತ್ತೇನೆ, ಸೋಮವಾರ ಬಾ ಎಂದು ಕಳಿಸಿದರು. ಶನಿವಾರ ಕೆಲಸ ಮುಗಿದ ಮೇಲೆ ಮೋಟಾರಿನ ಚಕ್ರ, ಬ್ಯಾಟರಿ, ಕಂಟ್ರೋಲರ್ ಮೂರನ್ನೂ ಆಟೋದಲ್ಲಿ ಹಾಕಿಕೊಂಡು, ಕರೆಂಟ್ ಸೈಕಲ್ಲುಗಳನ್ನು ರಿಪೇರಿ ಮಾಡುವ ಅಂಗಡಿಗೆ ಹೋದಳು. ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡಿದ್ದ ಮೆಕ್ಯಾನಿಕ್ ಮೂರನ್ನೂ ತಿರುಗಿಸಿ ನೋಡಿದ. ಆದರೆ ಮೊದಲು ಅವನು ಕೇಳಿದ್ದು ಅವುಗಳ ಬಗ್ಗೆ ಅಲ್ಲ.

"ದಿನಕ್ಕೆ ಎಷ್ಟು ದೂರ ಹೋಗ್ತೀರಿ?"

"ಹನ್ನೊಂದು ಕಿಲೋಮೀಟರ್."

"ದಿಬ್ಬ ಎಷ್ಟುದ್ದ?"

"ಒಂಬತ್ತು ಕಂಬ."

ಅವನು ನಕ್ಕ. "ಸಾಮಾನು ಎಷ್ಟು ಭಾರ? ನಿಮ್ಮ ತೂಕ? ಸಂಕೋಚ ಬೇಡ, ಮೋಟಾರು ಯಾರಿಗೂ ಹೇಳಲ್ಲ."

ಅವಳು ಹೇಳಿದಳು. ಇಷ್ಟು ದಿನದಲ್ಲಿ ಈ ಪ್ರಶ್ನೆಗಳನ್ನು ಅವಳಿಗೆ ಯಾರೂ ಕೇಳಿರಲಿಲ್ಲ.

"ನೋಡಿ ಅಕ್ಕ, ಸಾಮಾನು ಯಾವುದೂ ಕೆಟ್ಟದ್ದಲ್ಲ. ಈ ಬ್ಯಾಟರಿ ಒಂದೇ ಸಲಕ್ಕೆ ಹದಿನೈದು ಆಂಪಿಯರ್ ಕೊಡಬಲ್ಲದು. ಅದಕ್ಕಿಂತ ಜಾಸ್ತಿ ಎಳೆದ್ರೆ ತನ್ನನ್ನ ತಾನು ಉಳಿಸ್ಕೊಳ್ಳೋಕೆ ಆಫ್ ಆಗುತ್ತೆ. ನಿಮ್ಮ ಕಂಟ್ರೋಲರ್ ಇಪ್ಪತ್ತೈದು ಎಳೆಯುತ್ತೆ. ಸಮ ರಸ್ತೇಲಿ ಅಷ್ಟು ಬೇಕಾಗಲ್ಲ, ಓಡುತ್ತೆ. ದಿಬ್ಬದಲ್ಲಿ ಬೇಕಾಗುತ್ತೆ, ನಿಲ್ಲುತ್ತೆ."

"ಕಮ್ಮಿ ಎಳೆಯೋ ಕಂಟ್ರೋಲರ್ ಹಾಕಿದ್ರೆ?"

"ಆಗ ಬ್ಯಾಟರಿ ನಿಲ್ಲಲ್ಲ, ಈ ದೊಡ್ಡ ಮೋಟಾರಿಗೆ ಸಾಲಲ್ಲ. ದಿಬ್ಬದಲ್ಲಿ ಮುಕ್ಕಿರಿದು ಬಿಸಿಯಾಗಿ ಕೂರುತ್ತೆ. ಇದೇ ಮೋಟಾರು ಬೇಕು ಅಂದ್ರೆ ದೊಡ್ಡ ಬ್ಯಾಟರಿ ಬೇಕು, ಆ ಭಾರಕ್ಕೆ ನಿಮ್ಮ ಸೈಕಲ್ಲಿನ ಫ್ರೇಮು ತಡೆಯಲ್ಲ. ಒಳಗೆ ಹಲ್ಲುಚಕ್ರ ಇರೋ ಚಿಕ್ಕ ಮೋಟಾರು ಹಾಕಿ, ಮೂವತ್ತಾರರದು. ಜೊತೆಗೆ ಹದಿನಾಲ್ಕರ ಕಂಟ್ರೋಲರ್. ನಿಧಾನ ಹೋಗುತ್ತೆ, ನೀವೂ ಸ್ವಲ್ಪ ತುಳೀಬೇಕು. ಆದ್ರೆ ಹತ್ತುತ್ತೆ."

ಅವನು ಇದನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಟ್ಟ. ಮನೆಗೆ ಬಂದು ಸೂಜಿಯಕ್ಕ ಆ ಚೀಟಿಯನ್ನು ಊಟದ ಮೇಜಿನ ನಡುವೆ, ಉಪ್ಪಿನ ಡಬ್ಬಿಯ ಕೆಳಗೆ ಇಟ್ಟಳು. "ಇಬ್ಬರೂ ಓದ್ಕೊಳ್ಳಿ. ನಾನು ದಿನಾ ಹನ್ನೊಂದು ಕಿಲೋಮೀಟರ್ ಹೋಗ್ತೀನಿ. ಈ ಮನೇಲಿ ಯಾರಿಗಾದ್ರೂ ಗೊತ್ತಿತ್ತಾ?"

ಗಂಡ ಮೊದಲು ಓದಿದ. ಅವನ ಮುಖ ಅರಳಿತು. "ಬ್ಯಾಟರಿ ಸರಿಯಾಗಿದೆ ಅಂತಾಯ್ತಲ್ಲ! ನಾನು ಮೊದಲಿಂದ ಅದನ್ನೇ..."

"ರೀ, ಸಾಕು!" ಎಂದಳು ಅವಳು. "ಇಪ್ಪತ್ತೈದರ ಕಂಟ್ರೋಲರ್ ತಂದಿದ್ದು ಯಾರು? ಬ್ಯಾಟರಿ ನಿಮ್ಮದೇ ತಾನೆ, ಅದು ಎಷ್ಟು ಕೊಡುತ್ತೆ ಅಂತ ನೀವು ನೋಡಿದ್ರಾ?"

ಮಾವ ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದು ಎರಡು ಸಲ ಓದಿದರು. ಅರ್ಧ ಉಂಡ ತಟ್ಟೆಯಲ್ಲೇ ಕೈ ತೊಳೆದು ಎದ್ದರು.

"ಅವರು ಪೂರ್ತಿ ಉಣ್ಣದೆ ಎದ್ದಿದ್ದು ನಾನು ಮದುವೆಯಾದ ಮೇಲೆ ಇದು ಎರಡನೇ ಸಲ," ಎಂದರು ಅತ್ತೆ. ಮೊದಲನೆಯದು ಪಂಪಿನ ದಿನ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಸೂಜಿಯಕ್ಕನಿಗೆ ಪಾಪ ಅನ್ನಿಸಿತು. ಅನ್ನಿಸಿದ್ದಕ್ಕೆ ಇನ್ನಷ್ಟು ಸಿಟ್ಟೂ ಬಂತು. ನಾಡಿದ್ದು ಸೋಮವಾರ, ದಿಬ್ಬ ಹತ್ತಬೇಕಾದವಳು ತಾನು. ಉಪವಾಸ ಇವರಿಗೆ!

ಭಾನುವಾರ ಬೆಳಗ್ಗೆ ಏಳಕ್ಕೇ ಮಾವ ತಮ್ಮ ದೊಡ್ಡ ಮೋಟಾರನ್ನು ಗೋಣಿಚೀಲಕ್ಕೆ ತುಂಬಿ, ಭುಜಕ್ಕೇರಿಸಿಕೊಂಡು ಹೊರಟರು. ಆಟೋ ಕರೆಯುತ್ತೇನೆ ಎಂದರೆ ಬೇಡವೆಂದರು. ಹನ್ನೊಂದಕ್ಕೆ ಬಂದರು. ಕೈಯಲ್ಲಿ ಚಿಕ್ಕ ಮೋಟಾರು ಕೂರಿಸಿದ ಹಗುರ ಚಕ್ರ, ಜೇಬಿನಲ್ಲಿ ಹದಿನಾಲ್ಕರ ಕಂಟ್ರೋಲರ್.

"ಆ ಮೆಕ್ಯಾನಿಕ್ಕಿನ ಅಂಗಡೀಲೇ ಎರಡು ಗಂಟೆ ಕೂತಿದ್ದೆ," ಎಂದರು. "ತಂತಿ ಸುತ್ತೋಕೆ ಬರಲ್ಲ ಅವನಿಗೆ. ಆದ್ರೆ ಮನುಷ್ಯನಿಗೆ ಕೆಲಸ ಗೊತ್ತು. ನನ್ನ ಮೋಟಾರು ಇಟ್ಕೊಂಡು ಇದನ್ನ ಕೊಟ್ಟ."

ಅವರು ಅಂಗಳದಲ್ಲಿ ಹಳೆಯ ಚಾಪೆ ಹಾಸಿ ಕೂತರು. ಮೋಟಾರಿನಿಂದ ಬಂದ ಮೂರು ದಪ್ಪ ತಂತಿ, ಐದು ಸಣ್ಣ ತಂತಿ. ಕಂಟ್ರೋಲರಿನಿಂದಲೂ ಅಷ್ಟೇ. ಹಳದಿಗೆ ಹಳದಿ, ಹಸಿರಿಗೆ ಹಸಿರು, ನೀಲಿಗೆ ನೀಲಿ ಕೂಡಿಸಿದರು. ಸೂಜಿಯಕ್ಕ ಆಕ್ಸಿಲರೇಟರ್ ತಿರುಗಿಸಿದಳು. ಚಕ್ರ ಚಳಿಜ್ವರ ಬಂದವರ ಹಾಗೆ ಗಡಗಡ ನಡುಗಿ ನಿಂತಿತು.

"ಒಬ್ಬೊಬ್ಬರು ಒಂದೊಂದು ಬಣ್ಣ ಹಾಕಿರ್ತಾರೆ," ಎಂದರು ಮಾವ. ಕೋಪವಿರಲಿಲ್ಲ, ಎಷ್ಟೋ ದಿನದ ಮೇಲೆ ಅವರ ದನಿಯಲ್ಲಿ ಕೆಲಸವಿತ್ತು. ಒಂದು ನೋಟುಬುಕ್ಕು ತರಿಸಿಕೊಂಡು ಗೆರೆ ಎಳೆದರು. ಯಾವುದಕ್ಕೆ ಯಾವುದನ್ನು ಕೂಡಿಸಿದರೆ ಏನಾಯಿತು ಎಂದು ಒಂದೊಂದಾಗಿ ಬರೆಯತೊಡಗಿದರು. ಸೂಜಿಯಕ್ಕ ಬೆಳಗಿನ ಬಟ್ಟೆ ಹಿಂಡಲು ಎದ್ದಳು. ಅತ್ತೆ ಬಾಗಿಲಲ್ಲಿ ನಿಂತು "ನನ್ನ ಕರೀಬೇಡಿ, ನನಗೆ ಕರೆಂಟು ಅಂದ್ರೆ ಹೆದರಿಕೆ" ಎಂದು ಒಳಗೆ ಹೋದರು. ಅಂಗಳದಲ್ಲಿ ಉಳಿದವನು ಗಂಡ ಒಬ್ಬನೇ.

ಅವನು ಸ್ವಲ್ಪ ಹೊತ್ತು ಆಕಾಶ ನೋಡಿದ. ಆಮೇಲೆ ಬಂದು ಹ್ಯಾಂಡಲ್ ಹಿಡಿದು ನಿಂತ.

"ಕೊಡು," ಎಂದರು ಮಾವ, ತಲೆ ಎತ್ತದೆ.

ಅವನು ತಿರುಗಿಸಿದ. ಚಕ್ರ ಕೊಸರಾಡಿತು.

"ನಿಲ್ಲಿಸು."

ಮಾವ ಬರೆದುಕೊಂಡರು. ತಂತಿ ಬದಲಿಸಿದರು. "ಕೊಡು." ಕಿರ್ ಎಂದಿತು. "ನಿಲ್ಲಿಸು." ಬಟ್ಟೆ ಒಣಹಾಕುತ್ತಿದ್ದ ಸೂಜಿಯಕ್ಕ ಹನ್ನೆರಡು ಸಲ ಅದೇ ಎರಡು ಮಾತು ಕೇಳಿದಳು. ಒಂದು ಸಲ ಚಕ್ರ ಚೆನ್ನಾಗಿಯೇ ತಿರುಗಿತು, ಆದರೆ ಹಿಂದಕ್ಕೆ.

"ಹಿಂದಕ್ಕೆ ಹೋಗ್ತಿದೆ," ಎಂದ ಗಂಡ.

"ಕಣ್ಣಿದೆ ನನಗೆ."

ಹದಿಮೂರನೆಯ ಸಲ ಚಕ್ರ ಸದ್ದಿಲ್ಲದೆ, ಬೆಣ್ಣೆಯ ಹಾಗೆ, ಮುಂದಕ್ಕೆ ತಿರುಗಿತು. ಇಬ್ಬರೂ ನಗಲಿಲ್ಲ. "ಆ ಹಸಿರು ತಂತಿ ಗಟ್ಟಿಯಾಗಿ ಬಿಗೀರಿ ಅಪ್ಪ, ದಿಬ್ಬದಲ್ಲಿ ಕಳಚಿಕೊಂಡ್ರೆ ಕಷ್ಟ," ಎಂದ ಗಂಡ. "ಬಿಗೀದೆ ಬಿಡ್ತೀನಾ?" ಎಂದು ಗದರಿದರು ಮಾವ. ಆಮೇಲೆ ಯಾವ ಟೇಪು ಸುತ್ತಬೇಕು ಎಂಬುದರ ಮೇಲೆ ಜಗಳ ಶುರುವಾಯಿತು. ಸೂಜಿಯಕ್ಕ ನಡುವೆ ಹೋಗಲಿಲ್ಲ.

ಸೋಮವಾರ ಅವಳು ದಿಬ್ಬದ ಐದು ಮನೆಗಳನ್ನೇ ಮೊದಲು ಮುಗಿಸಿಬಿಡೋಣ ಎಂದುಕೊಂಡಳು. ಏಳರ ಹೊತ್ತಿಗೆ ಬರುತ್ತೇನೆ ಎಂದು ಹಿಂದಿನ ದಿನವೇ ಐದೂ ಮನೆಗೆ ಫೋನು ಮಾಡಿ ಹೇಳಿದ್ದಳು. ಬುಡದಿಂದ ಆಕ್ಸಿಲರೇಟರ್ ತಿರುಗಿಸಿ, ತಾನೂ ತುಳಿದಳು. ನಿಧಾನ, ಬಹಳ ನಿಧಾನ. ಹಾಲಿನ ಕ್ಯಾನು ಹೊತ್ತು ನಡೆದುಕೊಂಡು ಹೋಗುತ್ತಿದ್ದವನು ಸ್ವಲ್ಪ ದೂರ ಅವಳ ಪಕ್ಕದಲ್ಲೇ ಇದ್ದ. ಮೂರನೆಯ ಕಂಬ ಬಂತು. ಅವಳು ಉಸಿರು ಬಿಗಿಹಿಡಿದಳು. ಮೂರನೆಯ ಕಂಬ ಹಿಂದೆ ಸರಿಯಿತು. ಏಳನೆಯದು. ಒಂಬತ್ತನೆಯದು. ಅಜ್ಜಿಯ ಗೇಟಿನ ಮುಂದೆ ಕಾಲು ಊರಿ ಕೈಗಡಿಯಾರ ನೋಡಿಕೊಂಡಳು. ಆರೂ ಐವತ್ತು.

ಬಾಗಿಲು ತೆರೆದೇ ಇತ್ತು. ಅಜ್ಜಿ ಮೇಜಿನ ಮುಂದೆ ಕೂತಿದ್ದರು. ಮುಂದೆ ಒಂದು ಲೋಟ ಚಹಾ. ತಟ್ಟೆಯಲ್ಲಿ ಬ್ರೆಡ್ಡಿನ ತುಣುಕುಗಳು, ತುಟಿಯ ತುದಿಯಲ್ಲಿ ಜಾಮು.

"ಅಯ್ಯೋ, ನೀನಾ!" ಎಂದರು ಅಜ್ಜಿ, ಲೋಟವನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಳ್ಳುವವರ ಹಾಗೆ. "ಏಳು ಅಂದ್ರೂ ನೀನು ಎಂಟೂ ಮುಕ್ಕಾಲಿಗೆ ತಾನೆ ಬರೋದು? ಅಲ್ಲೀವರೆಗೆ ಯಾರಮ್ಮ ಹಸ್ಕೊಂಡಿರ್ತಾರೆ! ಕದ್ದು ಎರಡು ಬ್ರೆಡ್ಡು ತಿಂದುಬಿಟ್ಟೆ."

ಸೂಜಿಯಕ್ಕ ಹೊಸ್ತಿಲ ಮೇಲೆ ಕೂತುಬಿಟ್ಟಳು. ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು, ಮೇಡಂ.

"ಎಲ್ಲಿದೀಯ?"

"ದಿಬ್ಬದ ಮೇಲೆ, ಅಜ್ಜಿ ಮನೇಲಿ."

"ಏಳು ಗಂಟೆಗೆ ಮುಂಚೆ? ನನ್ನ ಕಿವಿಗೆ ಹೂವಿಡಬೇಡ."

ಅವಳು ಫೋನನ್ನು ಅಜ್ಜಿಯ ಕೈಗೆ ಕೊಟ್ಟಳು. ಅಜ್ಜಿ ಗಂಟಲು ಸರಿಮಾಡಿಕೊಂಡರು. "ಬಂದಿದಾಳೆ ಕಣಮ್ಮ, ಇಲ್ಲೇ ಕೂತಿದಾಳೆ. ತಪ್ಪು ನಂದು. ಜಾಮು ಹಾಕ್ಕೊಂಡು ತಿಂದಿದೀನಿ, ಅದನ್ನ ಬೇಕಾದ್ರೆ ಬರ್ಕೋ." ಆ ಕಡೆಯಿಂದ ಮೇಡಂ ಏನೋ ಅಂದರು. ಅಜ್ಜಿ ಫೋನು ವಾಪಸು ಕೊಟ್ಟು, "ಹಾಗಾದ್ರೆ ಸರಿ ಅಂದ್ಲು, ಮುಖ ಇಷ್ಟುದ್ದ ಮಾಡ್ಕೊಂಡೇ ಅಂದಿರ್ತಾಳೆ," ಎಂದರು.

"ನಾಳೆ ಇದೇ ಹೊತ್ತಿಗೆ ಬರ್ತೀನಿ," ಎಂದು ಸೂಜಿಯಕ್ಕ ಎದ್ದಳು. "ನೀರು ಬಿಟ್ಟು ಬಾಯಿಗೆ ಏನೂ ಹಾಕ್ಕೋಬೇಡಿ. ಆ ಜಾಮಿನ ಬಾಟ್ಲಿ ಮೇಲಿನ ಶೆಲ್ಫಲ್ಲಿಡಿ."

"ನಿಜವಾಗ್ಲೂ ಬರ್ತೀಯಾ?"

"ಬರ್ತೀನಿ ಅಜ್ಜಿ."

ಇನ್ನು ದಿಬ್ಬದ ಮೇಲೆ ನಾಲ್ಕು ಮನೆ. ಅವರಾದರೂ ತನ್ನ ಮಾತು ನಂಬಿ ಹಸಿದು ಕೂತಿರಲಪ್ಪ ಎಂದುಕೊಳ್ಳುತ್ತ ಸೂಜಿಯಕ್ಕ ಪೆಟ್ಟಿಗೆ ಬಿಗಿದು ಸೈಕಲ್ಲು ಹತ್ತಿದಳು.